ಅರ್ಥದ ಗುರುತು, ಅಂದದ ಹಿಡಿತ: ಕನ್ನಡ ಪಠ್ಯವನ್ನು ಡಿಜಿಟಲ್ ಆಗಿ ಪ್ರಕಟಿಸುವವರಿಗೆ ಒಂದು ಹೋಲಿಕೆ

ಒಂದೇ ಕೃತಿಯನ್ನು ಅಚ್ಚಿನ ಪುಸ್ತಕ, ಇ-ಬುಕ್, ಜಾಲತಾಣ ಮೂರಕ್ಕೂ ಅಣಿ ಮಾಡಬೇಕಾದಾಗ ಪ್ರಕಾಶಕರು ಮೊದಲು ಕೇಳುವುದು ‘ಯಾವ ಸಾಫ್ಟ್‌ವೇರ್ ಬಳಸೋಣ’ ಎಂದು. ಅದಕ್ಕೂ ಮುಂಚೆ ತೀರ್ಮಾನವಾಗಬೇಕಾದದ್ದು ಇನ್ನೊಂದಿದೆ. ಕಡತದೊಳಗೆ ಒಂದು ಸಾಲಿನ ಬಗ್ಗೆ ಏನೆಂದು ಬರೆದಿಡುತ್ತೀರಿ? ‘ಇದು ಅಧ್ಯಾಯದ ಶೀರ್ಷಿಕೆ’ ಎಂದೋ, ‘ಇದು 18 ಪಾಯಿಂಟ್, ದಪ್ಪ, ಪುಟದ ನಡುವೆ’ ಎಂದೋ? ಮೊದಲನೆಯದು ಅರ್ಥದ ಗುರುತು, ಎರಡನೆಯದು ಅಂದದ ಗುರುತು. ಪ್ರಕಟಣೆಗೆ ಎರಡೂ ಬೇಕು. ಯಾವುದು ಎಲ್ಲಿ ಕೂರಬೇಕು, ಎಷ್ಟು ಸಾಕು ಎಂಬುದನ್ನು ಮೊದಲೇ ನಿರ್ಧರಿಸದಿದ್ದರೆ ಎರಡನೇ ಮುದ್ರಣದ ಹೊತ್ತಿಗೆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಕಣ್ಣಿಗೆ ಸರಿ, ಕಂಪ್ಯೂಟರಿಗೆ ತಪ್ಪು

ಬರೀ ಅಂದಕ್ಕೆ ಗಮನ ಕೊಟ್ಟರೆ ಏನಾಗುತ್ತದೆ ಎಂದು ತಿಳಿಯಲು ಟ್ಯಾಗುಗಳ (ಪಠ್ಯದ ಒಂದು ಭಾಗದ ಶುರು-ಕೊನೆಗೆ ಹಾಕುವ ಗುರುತುಗಳ) ತನಕ ಹೋಗಬೇಕಾಗಿಲ್ಲ, ಕನ್ನಡದ ಅಕ್ಷರದಲ್ಲೇ ಅದು ಕಾಣುತ್ತದೆ. ‘ಬೆ೦ಗಳೂರು’ ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆ ಅಂಕಿ ಹಾಕುವುದು, ‘ಧಮ೯’ ಎಂಬಲ್ಲಿ ಅರ್ಕಾವತ್ತಿನ ಬದಲು ಒಂಬತ್ತರ ಅಂಕಿ ಹಾಕುವುದು ಇಂದಿಗೂ ಸಾಮಾನ್ಯ. ಪರದೆಯ ಮೇಲೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ‘ಬೆಂಗಳೂರು’ ಎಂದು ಹುಡುಕಿದವರಿಗೆ ಆ ಪುಟ ಸಿಗದು. ಪರದೆ ಓದುವ ತಂತ್ರಾಂಶ ‘ಧಮ’ ಎಂದು ಹೇಳಿ ‘ಒಂಬತ್ತು’ ಎಂದು ಸೇರಿಸುತ್ತದೆ. ಅಕಾರಾದಿ ಜೋಡಣೆಯಲ್ಲಿ ಪದ ಎಲ್ಲೋ ಹೋಗಿ ಬೀಳುತ್ತದೆ. ಅಕ್ಷರದ ಗುರುತನ್ನು ಆಕಾರಕ್ಕಾಗಿ ಬಿಟ್ಟುಕೊಟ್ಟದ್ದರ ಫಲ ಇದು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್-ಪೂರ್ವ (ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಮಾನಕಕ್ಕೆ ಮುಂಚಿನ) ಫಾಂಟುಗಳಲ್ಲಿ ಕೂಡಿಟ್ಟ ಹಳೆಯ ಡಿಟಿಪಿ ಕಡತಗಳ ಕಷ್ಟವೂ ಇದೇ ಜಾತಿಯದು. ಅವುಗಳೊಳಗೆ ಇರುವುದು ಕನ್ನಡದ ಅಕ್ಷರಗಳಲ್ಲ, ಕನ್ನಡದ ಚೂರುಗಳಂತೆ ಕಾಣುವ ಆಕೃತಿಗಳ ಸಂಕೇತ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು.

ಅಕ್ಷರದ ಮಟ್ಟದಲ್ಲಿ ನಡೆಯುವುದೇ ಪದ, ಸಾಲು, ಅಧ್ಯಾಯದ ಮಟ್ಟದಲ್ಲೂ ನಡೆಯುತ್ತದೆ.

ಅರ್ಥದಿಂದ ಅಂದಕ್ಕೆ ಹೋಗಬಹುದು, ಹಿಂದಿರುಗುವುದು ಕಷ್ಟ

ದಪ್ಪ ಅಕ್ಷರವನ್ನೇ ತೆಗೆದುಕೊಳ್ಳಿ. ನಾಟಕದಲ್ಲಿ ಪಾತ್ರದ ಹೆಸರು ದಪ್ಪ, ನಿಘಂಟಿನಲ್ಲಿ ಮುಖ್ಯಪದ ದಪ್ಪ, ವ್ಯಾಖ್ಯಾನದಲ್ಲಿ ಮೂಲದಿಂದ ಎತ್ತಿಕೊಂಡ ಪದ ದಪ್ಪ, ಗದ್ಯದಲ್ಲಿ ಒತ್ತಿ ಹೇಳಿದ ಮಾತೂ ದಪ್ಪ. ಕಡತದಲ್ಲಿ ಎಲ್ಲಕ್ಕೂ ‘ದಪ್ಪ’ ಎಂದಷ್ಟೇ ಇದ್ದರೆ, ನಾಳೆ ಪಾತ್ರದ ಹೆಸರುಗಳನ್ನು ಬಣ್ಣದಲ್ಲಿ ತೋರಿಸಬೇಕೆಂದಾಗ ಯಾರಾದರೂ ಕೂತು ಒಂದೊಂದೇ ಪುಟ ಓದಿ ಬೇರ್ಪಡಿಸಬೇಕು. ‘ಪಾತ್ರ’, ‘ಮುಖ್ಯಪದ’, ‘ಒತ್ತು’ ಎಂದು ಬೇರೆಬೇರೆಯಾಗಿ ಗುರುತಿಸಿಟ್ಟಿದ್ದರೆ ಅವೆಲ್ಲವನ್ನೂ ದಪ್ಪಗೆ ತೋರಿಸು ಎಂದು ಒಂದೇ ಕಡೆ ಬರೆದರೆ ಆಯಿತು. ಅರ್ಥದಿಂದ ಅಂದವನ್ನು ಯಂತ್ರ ಹುಟ್ಟಿಸಬಲ್ಲದು, ಅಂದದಿಂದ ಅರ್ಥವನ್ನು ಮನುಷ್ಯನೇ ಓದಿ ಹುಡುಕಬೇಕು. ಕೆಳಗಿನ ಆಯ್ಕೆಗಳನ್ನೆಲ್ಲ ಈ ಅಸಮತೋಲನವನ್ನು ಮನಸ್ಸಿನಲ್ಲಿಟ್ಟುಕೊಂಡೇ ತೂಗಬೇಕು.

ಜಾಲದ ಇತಿಹಾಸದಲ್ಲೂ ಇದೇ ಪಾಠವಿದೆ. ಪಠ್ಯದ ರಚನೆಯನ್ನು ಗುರುತಿಸುವ ಎಸ್‌ಜಿಎಂಎಲ್ 1986ರಲ್ಲೇ ಅಂತಾರಾಷ್ಟ್ರೀಯ ಮಾನಕವಾಗಿತ್ತು. ಆದರೂ ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ 1990ರ ದಶಕದಲ್ಲಿ ಬರೆದ ಪುಟಗಳು ಫಾಂಟ್ ಟ್ಯಾಗು, ಬಣ್ಣದ ಟ್ಯಾಗುಗಳಿಂದ ತುಂಬಿಹೋದವು. 1996ರ ಡಿಸೆಂಬರಿನಲ್ಲಿ ಜಾಲಪುಟದ ಅಂದದ ನಿಯಮಗಳನ್ನು ಬರೆಯುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಆವೃತ್ತಿ ಬಂದು, ಅಂದವನ್ನು ಬೇರೆ ಕಡತಕ್ಕೆ ಒಯ್ಯುವ ದಾರಿ ತೆರೆಯಿತು. ಮರುವರ್ಷ ಬಂದ ಎಚ್‌ಟಿಎಂಎಲ್ 4.0 ಫಾಂಟ್ ಟ್ಯಾಗನ್ನು ಬಳಸಬೇಡಿ ಎಂದು ಹೇಳಿತು.

ಹಾಗೆಂದು ಕಂಡದ್ದಕ್ಕೆಲ್ಲ ಗುರುತು ಹಾಕುತ್ತ ಹೋಗುವುದೂ ತಪ್ಪೇ. ಪ್ರತಿ ಗುರುತಿಗೂ ಒಂದು ತೀರ್ಮಾನ ಬೇಕು, ಸಮಯ ಬೇಕು, ತಿದ್ದುವವರು ಬೇಕು. ‘ಬಳ್ಳಿಗಾವೆಯ ಅಲ್ಲಮ’ ಎಂಬಲ್ಲಿ ಬಳ್ಳಿಗಾವೆಗೆ ಊರಿನ ಗುರುತೋ, ಇಡೀ ಪದಗುಚ್ಛಕ್ಕೆ ವ್ಯಕ್ತಿಯ ಗುರುತೋ? ಇಬ್ಬರು ಕೆಲಸಗಾರರು ಎರಡು ರೀತಿ ಮಾಡಿದರೆ ಆ ಗುರುತಿನಿಂದ ಪಟ್ಟಿ ತೆಗೆದಾಗ ಪಟ್ಟಿ ಅರೆಬರೆಯಾಗುತ್ತದೆ. ಅರೆಬರೆ ಪಟ್ಟಿಯನ್ನು ಪೂರ್ಣವೆಂದು ನಂಬುವುದು ಪಟ್ಟಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಆದ್ದರಿಂದ ಪ್ರತಿ ಗುರುತಿಗೂ ಮೂರು ಪ್ರಶ್ನೆ ಹಾಕಿ. ಈ ಭಾಗ ಯಾವುದಾದರೂ ಒಂದು ರೂಪದಲ್ಲಿ ಬೇರೆಯಾಗಿ ಕಾಣಬೇಕೆ? ಯಾರಾದರೂ ಇದನ್ನಷ್ಟೇ ಹುಡುಕಲು ಅಥವಾ ಪಟ್ಟಿ ಮಾಡಲು ಬಯಸುತ್ತಾರೆಯೇ? ಕಣ್ಣಿಲ್ಲದೆ ಕಿವಿಯಿಂದ ಓದುವವರಿಗೆ ಇದು ಬೇರೆ ಎಂದು ತಿಳಿಯಬೇಕೆ? ಒಂದಕ್ಕಾದರೂ ‘ಹೌದು’ ಬಂದರೆ ಗುರುತು ಇರಲಿ. ಮೂರಕ್ಕೂ ‘ಇಲ್ಲ’ ಎಂದಾದರೆ ಅದನ್ನು ಬಿಡಿ. ಈ ಲೆಕ್ಕದಲ್ಲಿ ಕಾದಂಬರಿಯೊಂದಕ್ಕೆ ಎಂಟು-ಹತ್ತು ಗುರುತು ಧಾರಾಳ: ಪುಸ್ತಕದ ಹೆಸರು, ಅಧ್ಯಾಯ, ಮೊದಲ ಪ್ಯಾರಾ, ಮಾಮೂಲು ಪ್ಯಾರಾ, ದೃಶ್ಯ ಬದಲಾಗುವ ತೆರಪು, ಪತ್ರ ಅಥವಾ ಉದ್ಧರಣೆ, ಪದ್ಯದ ಸಾಲು, ಒತ್ತು, ಅಡಿಟಿಪ್ಪಣಿ.

ಷಟ್ಪದಿಯ ಸಾಲು: ಎಲ್ಲಿ ಅರ್ಥ ಮುಗಿದು ಅಂದ ಶುರುವಾಗುತ್ತದೆ

ಗದ್ಯದಲ್ಲಿ ಈ ಗಡಿ ಸುಲಭವಾಗಿ ಗೊತ್ತಾಗುತ್ತದೆ. ಪದ್ಯದಲ್ಲಿ ಹಾಗಲ್ಲ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯನ್ನು ನೋಡಿ. ಆರು ಸಾಲು, ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 3+4+3+4ರಂತೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ 3+4+3+4+3+4 ಆದಮೇಲೆ ಒಂದು ಗುರು, ಒಟ್ಟು 23 ಮಾತ್ರೆ. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ. ಸಾಲು ಒಡೆಯುವ ಜಾಗ ತಪ್ಪಿದರೆ ಪ್ರಾಸ ಕಣ್ಣಿಗೂ ಸಿಗದು, ಕಂಪ್ಯೂಟರಿಗೂ ಸಿಗದು. ಹೀಗಾಗಿ ಇಲ್ಲಿ ಸಾಲಿನ ಕೊನೆ ಎಂಬುದು ಅಲಂಕಾರವಲ್ಲ, ಪಠ್ಯದ ಭಾಗ. ಅದು ಮೂಲ ಕಡತದಲ್ಲೇ ಇರಬೇಕು.

ಅದೇ ಪದ್ಯವನ್ನು 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಓದುವಾಗ 23 ಮಾತ್ರೆಯ ಸಾಲು ಹಲವು ಬಾರಿ ಒಂದೇ ಸಾಲಿಗೆ ಹಿಡಿಯುವುದಿಲ್ಲ, ಮುರಿದು ಕೆಳಗೆ ಇಳಿಯುತ್ತದೆ. ಈ ಮುರಿತ ಫೋನಿನದು, ಕವಿಯದಲ್ಲ. ಎರಡೂ ಒಂದೇ ಥರ ಕಂಡರೆ ಓದುಗರು ಷಟ್ಪದಿಯನ್ನು ಏಳೆಂಟು ಸಾಲಿನ ಪದ್ಯವೆಂದು ಓದುತ್ತಾರೆ.

ಪರಿಹಾರ ಹೀಗಿದೆ. ಪ್ರತಿ ಸಾಲನ್ನೂ ಅದರದೇ ಟ್ಯಾಗಿನೊಳಗೆ ಇಡಿ, ಇಡೀ ಪದ್ಯಕ್ಕೆ ‘ಭಾಮಿನಿ’ ಎಂಬ ಕ್ಲಾಸ್ (ಟ್ಯಾಗಿಗೆ ಇಡುವ ವರ್ಗದ ಹೆಸರು) ಕೊಡಿ. ಸಿಎಸ್‌ಎಸ್‌ನಲ್ಲಿ ಸಾಲಿಗೆ ಎಡಗಡೆ ಅಕ್ಷರದ ಗಾತ್ರದ ಎರಡರಷ್ಟು ಪ್ಯಾಡಿಂಗ್ (ಒಳಗಿನ ಖಾಲಿ ಜಾಗ), ಅಷ್ಟೇ ಅಳತೆಯ ಋಣ ಟೆಕ್ಸ್ಟ್-ಇಂಡೆಂಟ್ (ಮೊದಲ ಸಾಲಿನ ಸರಿತ) ಬರೆಯಿರಿ. ಆಗ ಸಾಲಿನ ಆರಂಭ ಎಡ ಅಂಚಿಗೆ ನಿಲ್ಲುತ್ತದೆ, ಫೋನ್ ಮುರಿದ ತುಂಡು ಒಳಸರಿದು ಕೂರುತ್ತದೆ. ಓದುಗರಿಗೆ ಯಾವುದು ಕವಿಯ ಸಾಲು, ಯಾವುದು ಪರದೆಯ ಮಡಿಕೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಇದನ್ನೇ ಸಾಲು ಮುರಿಯುವ ಬಿಆರ್ ಟ್ಯಾಗ್ ಹಾಕಿ ಮಾಡಲು ಹೊರಟರೆ ಆಗದು. ಟೆಕ್ಸ್ಟ್-ಇಂಡೆಂಟ್ ಮಾಮೂಲಾಗಿ ಒಂದು ಬ್ಲಾಕಿನ ಮೊದಲ ಸಾಲಿಗಷ್ಟೇ ಅನ್ವಯಿಸುತ್ತದೆ, ಬಿಆರ್‌ನಿಂದ ಒಡೆದ ಆರು ಸಾಲೂ ಸೇರಿ ಒಂದೇ ಬ್ಲಾಕ್. ಖಾಲಿ ಜಾಗ ಅಥವಾ ಟ್ಯಾಬ್ ಒತ್ತಿ ಸಾಲು ಸರಿಸುವುದು ಇನ್ನೂ ಕೆಟ್ಟದ್ದು, ಅಕ್ಷರದ ಗಾತ್ರ ಬದಲಾದೊಡನೆ ಚದುರಿಹೋಗುತ್ತದೆ.

ಕೆಲವು ಮುದ್ರಣಗಳಂತೆ ಮೂರು ಮತ್ತು ಆರನೆಯ ಸಾಲನ್ನು ಬೇರೆ ಅಂಚಿನಿಂದ ಶುರುಮಾಡುವ ಆಸೆ ಇದ್ದರೆ ಆ ಸಾಲುಗಳಿಗೆ ಬೇರೆ ಗುರುತು ಬೇಕಾಗಿಲ್ಲ. ‘ಭಾಮಿನಿ ಕ್ಲಾಸಿನೊಳಗೆ ಪ್ರತಿ ಮೂರನೆಯ ಸಾಲು’ ಎಂದು ಸಿಎಸ್‌ಎಸ್‌ನ ಎನ್‌ತ್-ಚೈಲ್ಡ್ ಆಯ್ಕೆಯಿಂದ ಹಿಡಿಯಬಹುದು. ಛಂದಸ್ಸಿನ ಹೆಸರು ಒಂದು ಗೊತ್ತಿದ್ದರೆ ಅಂದ ತಾನಾಗಿ ಹುಟ್ಟಿಬರುತ್ತದೆ.

ಪದ್ಯಸಂಖ್ಯೆಯ ವಿಷಯದಲ್ಲಿ ಮಾತ್ರ ಯಂತ್ರವನ್ನು ನಂಬಬೇಡಿ. ತಾನೇ ಎಣಿಸುವ ಸಿಎಸ್‌ಎಸ್ ಕೌಂಟರಿನಿಂದ ಮೂಡಿದ ಸಂಖ್ಯೆ ಕಾಪಿ ಮಾಡಿದಾಗ ಬರುವುದಿಲ್ಲ, ಪುಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ನಡುವೆ ಒಂದು ಪದ್ಯ ಬಿಟ್ಟರೆ ಮುಂದಿನ ಸಂಖ್ಯೆಗಳೆಲ್ಲ ಜಾರಿ, ಹಳೆಯ ಲೇಖನಗಳು ಕೊಟ್ಟ ಉಲ್ಲೇಖಗಳೆಲ್ಲ ತಪ್ಪಾಗುತ್ತವೆ. ಪರ್ವ-ಸಂಧಿ-ಪದ್ಯ ಕ್ರಮದ ಸಂಖ್ಯೆಯನ್ನು ಪಠ್ಯದಲ್ಲೇ ಬರೆದು, ಅದನ್ನೇ ಟ್ಯಾಗಿನ ಐಡಿ (ಅದಕ್ಕಷ್ಟೇ ಸೇರಿದ ಗುರುತುಹೆಸರು) ಆಗಿಯೂ ಕೊಡಿ. ಉದ್ಧರಣ ಚಿಹ್ನೆಗೂ ಇದೇ ಮಾತು. ಅದನ್ನು ಸಿಎಸ್‌ಎಸ್‌ನಿಂದ ಮೂಡಿಸುವುದು ಜಾಣತನದಂತೆ ಕಂಡರೂ ಓದುಗರು ಕಾಪಿ ಮಾಡಿ ಬೇರೆಡೆ ಹಾಕಿದಾಗ ಉಲ್ಲೇಖದ ಮಾತು ಲೇಖಕರ ಸ್ವಂತ ಮಾತಾಗಿಬಿಡುತ್ತದೆ.

ವಚನದ್ದು ಬೇರೆ ಕಥೆ. ತಾಳೆಗರಿಯಲ್ಲಿ ವಚನವೂ ಷಟ್ಪದಿಯೂ ಸಾಲು ಒಡೆಯದೆ ಒಂದೇ ಹರಿವಿನಲ್ಲಿರುತ್ತವೆ. ಷಟ್ಪದಿಯನ್ನು ಮಾತ್ರೆ ಎಣಿಸಿ ಒಡೆಯಬಹುದು, ವಚನಕ್ಕೆ ಅಂಥ ಅಳತೆಗೋಲಿಲ್ಲ. ಅಚ್ಚಿನಲ್ಲಿ ಕಾಣುವ ವಚನದ ಸಾಲುಗಳು ಸಂಪಾದಕರ ತೀರ್ಮಾನ. ಒಂದೇ ವಚನ ಎರಡು ಸಂಪಾದನೆಗಳಲ್ಲಿ ಎರಡು ರೀತಿ ಒಡೆದಿರುವುದುಂಟು. ಆದ್ದರಿಂದ ವಚನದ ಸಾಲಿಗೆ ‘ಸಂಪಾದಕರ ಸಾಲು’ ಎಂಬ ಬೇರೆ ಕ್ಲಾಸ್ ಕೊಡಿ. ಬೇಕೆಂದಾಗ ಸಿಎಸ್‌ಎಸ್‌ನಲ್ಲಿ ಒಂದು ಮಾತು ಬದಲಿಸಿ ಹರಿವಿನ ಗದ್ಯವಾಗಿಯೂ ತೋರಿಸಬಹುದು. ಅಂಕಿತಕ್ಕೆ ಮಾತ್ರ ತಪ್ಪದೆ ಗುರುತು ಹಾಕಿ. ವಚನಕಾರರ ಪ್ರಕಾರ ವಿಂಗಡಿಸಲು, ಕರ್ತೃತ್ವದ ಸಂದೇಹ ಬಂದಾಗ ಹೋಲಿಸಿ ನೋಡಲು ಅದೇ ಮೊದಲ ಕೊಂಡಿ.

ಓರೆ ಅಕ್ಷರ, ಒತ್ತಕ್ಷರ, ವಿಭಕ್ತಿ

ಇಂಗ್ಲಿಷ್ ಪ್ರಕಟಣೆಯ ರೂಢಿಯನ್ನು ಹಾಗೇ ಎತ್ತಿ ತಂದರೆ ಕನ್ನಡದಲ್ಲಿ ಮೊದಲು ಹದಗೆಡುವುದು ಓರೆ ಅಕ್ಷರ. ಕನ್ನಡಕ್ಕೆ ಇಟಾಲಿಕ್ ಸಂಪ್ರದಾಯವಿಲ್ಲ, ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಇಟಾಲಿಕ್ ರೂಪವೇ ಇಲ್ಲ. ಬ್ರೌಸರ್ ಇದ್ದ ಅಕ್ಷರವನ್ನೇ ಬಲವಂತವಾಗಿ ಓರೆ ಮಾಡಿದಾಗ ಒತ್ತಕ್ಷರಗಳು ಪಕ್ಕದ ಅಕ್ಷರದ ಕಾಲಡಿಗೆ ನುಗ್ಗುತ್ತವೆ. ಅರ್ಥದ ಗುರುತಿನ ಉಪಯೋಗ ಇಲ್ಲಿ ಚೆನ್ನಾಗಿ ಕಾಣುತ್ತದೆ. ಪಠ್ಯದಲ್ಲಿ ‘ಒತ್ತು’ ಎಂದು ಇಎಂ ಟ್ಯಾಗ್ ಹಾಕಿ. ಸಿಎಸ್‌ಎಸ್‌ನಲ್ಲಿ ಭಾಷೆ ಕನ್ನಡವಾಗಿದ್ದರೆ ಫಾಂಟ್-ಸ್ಟೈಲ್ ನಾರ್ಮಲ್, ತೂಕ 600 ಎನ್ನಿ, ಇಂಗ್ಲಿಷ್ ಆಗಿದ್ದರೆ ಇಟಾಲಿಕ್ ಎನ್ನಿ. ಮೂಲದಲ್ಲಿ ‘ಇಟಾಲಿಕ್’ ಎಂದೇ ಬರೆದಿದ್ದರೆ ಈ ಅನುಕೂಲವಿಲ್ಲ. ಇದೆಲ್ಲ ನಡೆಯಬೇಕಾದರೆ ಪುಟಕ್ಕೆ ಭಾಷೆ ತಿಳಿಸುವ ಲ್ಯಾಂಗ್ ಗುಣದಲ್ಲಿ ಕನ್ನಡವೆಂದು, ನಡುವೆ ಬರುವ ಇಂಗ್ಲಿಷ್ ಅಥವಾ ಸಂಸ್ಕೃತ ಉದ್ಧರಣೆಗೆ ಅದರ ಭಾಷೆಯೆಂದು ಹೇಳಿರಬೇಕು. ಧ್ವನಿಯಲ್ಲಿ ಓದುವ ತಂತ್ರಾಂಶ ಯಾವ ಭಾಷೆಯ ಉಚ್ಚಾರಣೆ ಹಿಡಿಯಬೇಕೆಂದು ತಿಳಿಯುವುದೂ ಇದರಿಂದಲೇ.

ಸಾಲಿನ ಎತ್ತರ ಅಕ್ಷರದ ಗಾತ್ರದ 1.6ರಷ್ಟಾದರೂ ಇರಲಿ. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳ ಒತ್ತುಗಳು ಕೆಳಸಾಲಿನ ಗುಡಿಸುಗಳಿಗೆ ತಾಗದಂತೆ ಇದು ಕಾಯುತ್ತದೆ. ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಬೇಡಿ, ಓದುಗರು ಅಕ್ಷರ ದೊಡ್ಡದು ಮಾಡಿದರೆ ಒತ್ತುಗಳು ಕತ್ತರಿಸಿಹೋಗುತ್ತವೆ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಬೇಡಿ. ಎರಡೂ ಅಂಚು ಸಮಮಾಡುವ ಜಸ್ಟಿಫೈ ಅಚ್ಚಿನ ಅಗಲದಲ್ಲಿ ಸೊಗಸು, ಫೋನಿನಲ್ಲಿ ಕನ್ನಡದ ಉದ್ದ ಸಮಾಸಪದಗಳಿಂದಾಗಿ ಪದಗಳ ನಡುವೆ ಹೊಂಡ ಬೀಳುತ್ತದೆ. ಅಲ್ಲಿ ಎಡ ಅಂಚು ಸಾಕು. ಅಧ್ಯಾಯದ ಮೊದಲ ಅಕ್ಷರವನ್ನು ಹಿಗ್ಗಿಸುವ ಫಸ್ಟ್-ಲೆಟರ್ ಆಯ್ಕೆ ಕೆಲವು ಬ್ರೌಸರುಗಳಲ್ಲಿ ಸಂಯುಕ್ತಾಕ್ಷರವನ್ನು ನಡುವೆಯೇ ಕತ್ತರಿಸುತ್ತದೆ. ಬೇಕೇಬೇಕೆಂದರೆ ಆ ಇಡೀ ಅಕ್ಷರಗುಚ್ಛಕ್ಕೆ ಕೈಯಾರೆ ಒಂದು ಸ್ಪ್ಯಾನ್ (ಸಾಲಿನೊಳಗಿನ ತುಂಡನ್ನು ಸುತ್ತುವ ಟ್ಯಾಗ್) ಹಾಕಿ.

ಟ್ಯಾಗ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬಹುದು ಎಂಬುದಕ್ಕೂ ಕನ್ನಡದ್ದೇ ಒಂದು ಮಿತಿ ಇದೆ. ‘ಮಾತಿನಲ್ಲಿ’ ಎಂಬ ಪದದಲ್ಲಿ ಪ್ರಕೃತಿ, ಪ್ರತ್ಯಯ ಬೇರೆ ಮಾಡಿ ಬಣ್ಣ ಹಾಕಬೇಕೆಂದರೆ ಗಡಿ ‘ತಿ’ ಎಂಬ ಅಕ್ಷರದ ನಡುವೆ ಬೀಳುತ್ತದೆ. ವ್ಯಂಜನವನ್ನೂ ಅದರ ಗುಣಿತದ ಗುರುತನ್ನೂ ಟ್ಯಾಗ್ ಬೇರ್ಪಡಿಸಿ, ಎರಡು ಬದಿಯ ಫಾಂಟ್ ಬೇರೆಯಾದರೆ ಚುಕ್ಕಿಚುಕ್ಕಿಯ ವೃತ್ತ ಮೂಡುತ್ತದೆ. ವ್ಯಾಕರಣ ವಿಶ್ಲೇಷಣೆಯಂಥ ಕೆಲಸಕ್ಕೆ ಪಠ್ಯದೊಳಗೆ ಟ್ಯಾಗ್ ತುರುಕುವ ಬದಲು ಪ್ರತಿ ಪದಕ್ಕೆ ಐಡಿ ಕೊಟ್ಟು, ವಿವರವನ್ನು ಬೇರೆ ಪಟ್ಟಿಯಲ್ಲಿಡುವುದೇ ಸರಿ.

ದಾರಿಗಳು

ವರ್ಡ್ ಅಥವಾ ಲಿಬ್ರೆಆಫೀಸ್. ಲೇಖಕರು ಕೊಡುವುದು ಹೆಚ್ಚಾಗಿ ಇದರಲ್ಲೇ. ಇದು ಬರೀ ಅಂದದ ಸಾಧನ ಎಂಬುದು ತಪ್ಪು ಕಲ್ಪನೆ. ‘ಹೆಡಿಂಗ್ 1’, ‘ಕೋಟ್’ ಮೊದಲಾದ ಸ್ಟೈಲುಗಳನ್ನು ಶಿಸ್ತಿನಿಂದ ಬಳಸಿದರೆ ಅದು ಅರ್ಥದ ಗುರುತೇ. ಕೈಯಾರೆ ದಪ್ಪ ಮಾಡಿದ ಶೀರ್ಷಿಕೆಗಳಿರುವ ಕಡತ ಬಂದರೆ, ‘ಫೈಂಡ್ ಆಂಡ್ ರಿಪ್ಲೇಸ್’ನಲ್ಲಿ ಅಕ್ಷರ ಬರೆಯದೆ ಫಾರ್ಮ್ಯಾಟ್ ಮಾತ್ರ ಕೊಟ್ಟು (ದಪ್ಪ, 16 ಪಾಯಿಂಟ್ ಎಂದು), ಬದಲಿಗೆ ಸ್ಟೈಲ್ ಕೊಡಿ. ಇಡೀ ಪುಸ್ತಕದ ಶೀರ್ಷಿಕೆಗಳು ಒಂದೇ ಏಟಿಗೆ ಸಿಗುತ್ತವೆ. ಹಳೆಯ ನುಡಿ ಫಾಂಟಿನ ಕಡತವಾದರೆ ಯೂನಿಕೋಡ್ ಪರಿವರ್ತನೆಗೆ ಮುಂಚೆ ಇಂಗ್ಲಿಷ್ ಪದಗಳನ್ನು ಫಾಂಟಿನ ಹೆಸರಿನಿಂದ ಹುಡುಕಿ ಬೇರೆ ಸ್ಟೈಲಿಗೆ ಹಾಕಿ. ಎರಡು ಭಾಷೆಯೂ ಒಂದೇ ಸಂಕೇತಗಳನ್ನು ಹಂಚಿಕೊಂಡಿರುವುದರಿಂದ ಪರಿವರ್ತಕ ಇಂಗ್ಲಿಷನ್ನೂ ಕನ್ನಡದ ಚೂರುಗಳನ್ನಾಗಿ ಮಾಡಿಬಿಡುತ್ತದೆ.

ಇನ್‌ಡಿಸೈನ್ ಮತ್ತು ಪಿಡಿಎಫ್. ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ಗೆ ಪುಟದ ಮೇಲಿನ ಹಿಡಿತದಲ್ಲಿ ಸಾಟಿ ಇಲ್ಲ. ಕನ್ನಡಕ್ಕೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಿರಬೇಕು, ಇಲ್ಲದಿದ್ದರೆ ಒತ್ತಕ್ಷರ ಕೂಡಿಕೊಳ್ಳುವುದಿಲ್ಲ. ಪ್ಯಾರಾ ಸ್ಟೈಲ್, ಅಕ್ಷರ ಸ್ಟೈಲ್ ಬಳಸಿ, ಪ್ರತಿ ಸ್ಟೈಲಿನ ‘ಎಕ್ಸ್‌ಪೋರ್ಟ್ ಟ್ಯಾಗಿಂಗ್’ ಭಾಗದಲ್ಲಿ ಅದು ಯಾವ ಎಚ್‌ಟಿಎಂಎಲ್ ಟ್ಯಾಗ್ ಆಗಬೇಕೆಂದು ಹೇಳಿದರೆ ಅದೇ ಕಡತದಿಂದ ಒಪ್ಪುವ ಇಪಬ್ (ಇ-ಬುಕ್ ಕಡತ) ಕೂಡ ಬರುತ್ತದೆ. ಪಿಡಿಎಫ್ ಒಂದನ್ನೇ ಜಾಲಕ್ಕೇರಿಸಿ ಕೈತೊಳೆದುಕೊಳ್ಳುವುದು ಮಾತ್ರ ಬೇಡ. ಪಿಡಿಎಫ್ ಮುಖ್ಯವಾಗಿ ಹಿಡಿದಿಡುವುದು ಯಾವ ಆಕೃತಿ ಪುಟದ ಯಾವ ಜಾಗದಲ್ಲಿದೆ ಎಂಬುದನ್ನು. ಅರ್ಕಾವತ್ತು ಉಚ್ಚಾರಣೆಯಲ್ಲಿ, ಯೂನಿಕೋಡಿನಲ್ಲಿ ಅಕ್ಷರಕ್ಕಿಂತ ಮುಂಚೆ; ಪುಟದ ಮೇಲೆ ಅಕ್ಷರದ ಬಲಕ್ಕೆ. ಕಾಪಿ ಮಾಡಿದಾಗ ‘ಕರ್ನಾಟಕ’ ಎಂಬುದು ‘ಕನಾರ್ಟಕ’ ಆಗಿ ಬರುವುದು ಇದರಿಂದಲೇ. ಜಾಲದಲ್ಲಿ ಈ ತಪ್ಪು ರೂಪ ಹೇರಳವಾಗಿ ಸಿಗುತ್ತದೆ. ಪಿಡಿಎಫ್ ಕೊಡುವುದಾದರೆ ಟ್ಯಾಗ್ ಸಹಿತ ಮಾಡಿ, ಜೊತೆಗೆ ಇಪಬ್ ಅಥವಾ ಜಾಲಪುಟವನ್ನೂ ಕೊಡಿ.

ಮಾರ್ಕ್‌ಡೌನ್. ನಕ್ಷತ್ರ, ಅಡಿಗೆರೆಯಂಥ ಸರಳ ಚಿಹ್ನೆಗಳಿಂದಲೇ ಗುರುತು ಹಾಕುವ ಪದ್ಧತಿ ಇದು. ಸರಳ ಗದ್ಯಕ್ಕೆ, ಬ್ಲಾಗ್ ಬರಹಕ್ಕೆ ಇದಕ್ಕಿಂತ ಹಗುರವಾದದ್ದಿಲ್ಲ. ಕಡತ ಇನ್ನೆಷ್ಟು ಕಾಲ ಕಳೆದರೂ ಬರಿಗಣ್ಣಿಗೆ ಓದಲು ಬರುತ್ತದೆ. ಆದರೆ ವಿಭಕ್ತಿ ಅಂಟುವ ಕನ್ನಡಕ್ಕೆ ಎರಡು ಮುಳ್ಳುಗಳಿವೆ. ಮಾರ್ಕ್‌ಡೌನನ್ನು ಖಚಿತವಾಗಿ ವಿವರಿಸುವ ಕಾಮನ್‌ಮಾರ್ಕ್ ನಿಯಮ ಪಾಲಿಸುವ ಸಾಧನಗಳಲ್ಲಿ _ಕಾವ್ಯ_ದಲ್ಲಿ ಎಂದು ಅಡಿಗೆರೆ ಬಳಸಿದರೆ ಒತ್ತು ಮೂಡುವುದಿಲ್ಲ, ಅಡಿಗೆರೆಯೇ ಕಾಣಿಸುತ್ತದೆ. ಪದದ ನಡುವೆ ಅಡಿಗೆರೆಯನ್ನು ಅದು ಗುರುತೆಂದು ಎಣಿಸುವುದಿಲ್ಲ. ನಕ್ಷತ್ರ ಬಳಸಿದರೆ ಸರಿ. ಆದರೆ *‘ಕಾವ್ಯ’*ದಲ್ಲಿ ಎಂದು ಉದ್ಧರಣ ಚಿಹ್ನೆಯನ್ನು ಒಳಗಿಟ್ಟರೆ ಮತ್ತೆ ಕೆಡುತ್ತದೆ. ಮುಚ್ಚುವ ನಕ್ಷತ್ರದ ಹಿಂದೆ ಚಿಹ್ನೆ, ಮುಂದೆ ಅಕ್ಷರ ಬಂದಾಗ ಅದು ಮುಚ್ಚುವ ಗುರುತೆಂದು ಲೆಕ್ಕಕ್ಕೆ ಬರುವುದಿಲ್ಲ. ಚಿಹ್ನೆಯನ್ನು ನಕ್ಷತ್ರದ ಹೊರಗಿಡಿ. ಪದ್ಯಕ್ಕೆ ಸಾಲಿನ ಕೊನೆಗೆ ಎರಡು ಖಾಲಿ ಜಾಗ ಬಿಡುವ ವಿಧಾನವನ್ನು ನೆಚ್ಚಬೇಡಿ, ಎಷ್ಟೋ ಎಡಿಟರುಗಳು ಅವನ್ನು ಸದ್ದಿಲ್ಲದೆ ಅಳಿಸುತ್ತವೆ. ಕಡತವನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವ ಪ್ಯಾಂಡಾಕ್ ಬಳಸುವವರು ಸಾಲಿನ ಆರಂಭಕ್ಕೆ ಲಂಬಗೆರೆ ಹಾಕುವ ‘ಲೈನ್ ಬ್ಲಾಕ್’ ಬಳಸಲಿ; ಅಂಕಿತದಂಥ ಗುರುತಿಗೆ ಅದರ ಸ್ಪ್ಯಾನ್, ಡಿವ್ ಸೌಲಭ್ಯಗಳಿವೆ. ಪ್ಯಾಂಡಾಕ್‌ನಿಂದ ಇಪಬ್, ವರ್ಡ್, ಎಚ್‌ಟಿಎಂಎಲ್ ಮೂರೂ ತೆಗೆಯಬಹುದು.

ಎಚ್‌ಟಿಎಂಎಲ್, ಇಪಬ್. ಇಪಬ್ ಎಂದರೆ ಒಳಗೆ ಜಾಲಪುಟಗಳೇ, ಜಿಪ್ ಮಾಡಿ ಇಟ್ಟವು. ಇಪಬ್ 3.3 ಆವೃತ್ತಿ 2023ರ ಮೇ ತಿಂಗಳಲ್ಲಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮಾನಕವಾಯಿತು. ಇಲ್ಲಿ ನೆನಪಿಡಬೇಕಾದದ್ದು, ಅಂದದ ಕೊನೆಯ ಮಾತು ಓದುಗರದ್ದು. ಅವರು ಫಾಂಟ್, ಗಾತ್ರ, ಹಿನ್ನೆಲೆ ಬಣ್ಣ ಎಲ್ಲವನ್ನೂ ಬದಲಿಸಬಹುದು. ‘ಕೆಂಪು ಅಕ್ಷರದ ಭಾಗ ಪ್ರಕ್ಷಿಪ್ತ’ (ಬೇರೆಯವರು ಆಮೇಲೆ ಸೇರಿಸಿದ್ದು) ಎಂದು ಬಣ್ಣದ ಮೇಲೆ ಅರ್ಥ ಹೊರಿಸಿದರೆ ಕಪ್ಪು ಹಿನ್ನೆಲೆಗೆ ಬದಲಿಸಿದವರಿಗೆ ಅದು ಕಾಣದೇ ಹೋಗಬಹುದು. ಪ್ರಕ್ಷಿಪ್ತಕ್ಕೆ ಆವರಣ ಚಿಹ್ನೆಯನ್ನೋ ನಕ್ಷತ್ರವನ್ನೋ ಪಠ್ಯದಲ್ಲೇ ಹಾಕಿ, ಬಣ್ಣ ಅದರ ಮೇಲಿನ ಉಪಚಾರವಾಗಲಿ. ನೋಟೋ ಸೆರಿಫ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟನ್ನು ಒಳಗೇ ಸೇರಿಸಿದರೆ ಎಲ್ಲ ಸಾಧನಗಳಲ್ಲೂ ಒತ್ತಕ್ಷರ ಸರಿಯಾಗಿ ಮೂಡುವ ಸಾಧ್ಯತೆ ಹೆಚ್ಚು. ಹಳಗನ್ನಡದ ಱ, ೞ ಬರುವ ಕೃತಿಯಾದರೆ ಆ ಎರಡು ಅಕ್ಷರ ಫಾಂಟಿನಲ್ಲಿವೆಯೇ ಎಂದು ಮೊದಲು ನೋಡಿ. ಚಿತ್ರವೇ ಮುಖ್ಯವಾದ ಮಕ್ಕಳ ಪುಸ್ತಕಕ್ಕೆ ಪುಟ ಕದಲದ ಫಿಕ್ಸೆಡ್ ಲೇಔಟ್ ಇಪಬ್ ಇದೆ. ಕಾದಂಬರಿಗೆ ಅದನ್ನು ಬಳಸಿದರೆ ಫೋನಿನಲ್ಲಿ ಓದುವವರು ಪುಟವನ್ನು ಹಿಗ್ಗಿಸಿ ಜರುಗಿಸುವುದರಲ್ಲೇ ಸುಸ್ತಾಗುತ್ತಾರೆ.

ಲಾಟೆಕ್. ಪಠ್ಯದೊಳಗೆ ಬರೆದ ಆಜ್ಞೆಗಳಿಂದ ಪುಟ ಕಟ್ಟುವ ತಂತ್ರಾಂಶ. ಅಚ್ಚಿಗೆ ಉತ್ತಮ, ಗಣಿತ-ವಿಜ್ಞಾನದ ಪುಸ್ತಕಕ್ಕೆ ಅತ್ಯುತ್ತಮ. ಕನ್ನಡಕ್ಕೆ ಅದರ ಝೀಲಾಟೆಕ್ ಅಥವಾ ಲುವಾಲಾಟೆಕ್ ರೂಪ ಬೇಕು. ಅಂಕಿತಕ್ಕೆ, ಪಾತ್ರದ ಹೆಸರಿಗೆ ನಿಮ್ಮದೇ ಆಜ್ಞೆಗಳನ್ನು ಹೆಸರಿಟ್ಟು ಮಾಡಿಕೊಂಡರೆ ಅರ್ಥವೂ ಉಳಿಯುತ್ತದೆ. ಆದರೆ ಅದರಿಂದ ಶುದ್ಧ ಜಾಲಪುಟ ತೆಗೆಯುವುದು ಶ್ರಮದ ಕೆಲಸ.

ಕನ್ನಡ ವಿಕಿಸೋರ್ಸ್. ಎಲ್ಲರೂ ಸೇರಿ ಕಟ್ಟುವ ಈ ಮುಕ್ತ ಜಾಲ ಗ್ರಂಥಾಲಯ ಹಕ್ಕುಸ್ವಾಮ್ಯ ಮುಗಿದ ಅಥವಾ ಮುಕ್ತ ಪರವಾನಗಿಯ ಕೃತಿಗಳಿಗೆ ಒಳ್ಳೆಯ ಜಾಗ. ಭಾರತದಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡ 60 ವರ್ಷದವರೆಗೆ ಹಕ್ಕು ಇರುತ್ತದೆ. ಸ್ಕ್ಯಾನ್ ಪುಟ ಪಕ್ಕದಲ್ಲೇ ಇರುವುದರಿಂದ ಯಾರು ಬೇಕಾದರೂ ಹೋಲಿಸಿ ತಿದ್ದಬಹುದು, ಇದು ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗದ ಗುಣ. ಆದರೆ ಅಲ್ಲಿನ ಟೆಂಪ್ಲೇಟುಗಳು ಬಹುಪಾಲು ಅಚ್ಚುಪುಟದ ಅಂದವನ್ನೇ ಅನುಸರಿಸುತ್ತವೆ. ಪಾತ್ರ, ಅಂಕಿತ ಎಂಬಂಥ ಭೇದ ಅವುಗಳಲ್ಲಿ ಕಡಿಮೆ.

ಟಿಇಐ. ವಿದ್ವತ್ ಪಠ್ಯಗಳಿಗೆ ಗುರುತು ಹಾಕಲು 1987ರಲ್ಲಿ ಶುರುವಾದ ಈ ಪದ್ಧತಿಯಲ್ಲಿ (ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್) ಐನೂರಕ್ಕೂ ಹೆಚ್ಚು ಟ್ಯಾಗುಗಳಿವೆ. ಅಷ್ಟನ್ನೂ ಬಳಸುವವರು ಯಾರೂ ಇಲ್ಲ, ಒಂದು ಕೆಲಸಕ್ಕೆ ಮೂವತ್ತು-ನಲವತ್ತು ಸಾಕು. ಹಳಗನ್ನಡ ಕಾವ್ಯದ ಪಾಠಾಂತರ ಸಹಿತ ಸಂಪಾದನೆಗೆ ಬೇರೆ ಯಾವುದನ್ನೂ ನಾವು ಸೂಚಿಸುವುದಿಲ್ಲ. ಸ್ವೀಕೃತ ಪಾಠ, ಪ್ರತಿಗಳ ಪಾಠಾಂತರ, ಲಿಪಿಕಾರನ ತಪ್ಪು ಮತ್ತು ಅದರ ತಿದ್ದುಪಡಿ, ಹುಳು ತಿಂದ ಭಾಗ, ಅಸ್ಪಷ್ಟ ಅಕ್ಷರ ಎಲ್ಲಕ್ಕೂ ಬೇರೆಬೇರೆ ಗುರುತುಂಟು. ಮೂಲ ಪ್ರತಿ ಹೇಗೆ ಕಾಣುತ್ತದೆ ಎಂಬುದನ್ನು ಬರೆದಿಡಲು ‘ರೆಂಡ್’ ಎಂಬ ಗುಣವೂ ಇದೆ. ತಾಳೆಗರಿಯಲ್ಲಿ ಹೇಗಿತ್ತು ಎಂಬ ಮಾಹಿತಿ, ಈಗ ಪರದೆಯಲ್ಲಿ ಹೇಗೆ ತೋರಿಸಬೇಕು ಎಂಬ ಆಜ್ಞೆ ಎರಡನ್ನೂ ಬೆರೆಸಬೇಡಿ. ರೆಂಡ್ ಇರುವುದು ಮೊದಲನೆಯದಕ್ಕೆ.

ಟಿಇಐ ಬರೆಯುವುದು ಎಕ್ಸ್‌ಎಂಎಲ್ ಎಂಬ ಟ್ಯಾಗ್ ಪದ್ಧತಿಯಲ್ಲಿ ಆದ್ದರಿಂದ ಒಂದು ಟ್ಯಾಗ್ ಇನ್ನೊಂದರೊಳಗೆ ಪೂರ್ತಿ ಕೂರಬೇಕು, ಅರ್ಧ ಒಳಗೆ ಅರ್ಧ ಹೊರಗೆ ಇರುವಂತಿಲ್ಲ. ಹಳಗನ್ನಡಕ್ಕೆ ಇದು ದಿನನಿತ್ಯದ ತೊಡಕು. ಕಂದಪದ್ಯದಲ್ಲಿ 12 ಮಾತ್ರೆಯ ಮೊದಲ ಪಾದ ಮುಗಿಯುವಲ್ಲಿ ಪದ ಮುಗಿಯದೆ 20 ಮಾತ್ರೆಯ ಎರಡನೆಯ ಪಾದಕ್ಕೆ ಹರಿಯುತ್ತದೆ. ಪಾದವೂ ಡಬ್ಬಿ, ಪದವೂ ಡಬ್ಬಿ ಎಂದರೆ ಡಬ್ಬಿಗಳು ಒಂದನ್ನೊಂದು ಕತ್ತರಿಸುತ್ತವೆ. ಯಾವುದಾದರೂ ಒಂದನ್ನು ಮುಖ್ಯ ಜೋಡಣೆಯಾಗಿ ಆರಿಸಿ (ಕಾವ್ಯಕ್ಕೆ ಪದ್ಯ ಮತ್ತು ಪಾದ), ಉಳಿದದ್ದನ್ನು ಒಳಗೇನೂ ಇಲ್ಲದ ಖಾಲಿ ಟ್ಯಾಗುಗಳಿಂದ ‘ಇಲ್ಲಿಂದ’, ‘ಇಲ್ಲಿಯವರೆಗೆ’ ಎಂದು ಗುರುತಿಸಿ. ಒಡೆದ ಪದ ಹುಡುಕಾಟದಲ್ಲಿ ಸಿಗಬೇಕೆಂದರೆ ಪದ ಬಿಡಿಸಿದ ಪಾಠವನ್ನು ಪಕ್ಕದಲ್ಲೇ ಇಟ್ಟು, ಹುಡುಕುವ ಸೂಚಿಯನ್ನು ಅದರಿಂದ ಕಟ್ಟಿ. ಶಾಸನಗಳಿಗೆ ಟಿಇಐನದೇ ಎಪಿಡಾಕ್ ಎಂಬ ಶಾಖೆಯಿದೆ. ಹಲ್ಮಿಡಿ ಶಾಸನದ 16 ಸಾಲುಗಳಲ್ಲಿ ಸಾಲು ಎಂಬುದು ಕಲ್ಲಿನ ಅಗಲದ ಫಲ, ವಾಕ್ಯದ್ದಲ್ಲ. ಆದ್ದರಿಂದ ಅಲ್ಲಿ ಸಾಲಿನ ಕೊನೆ ಖಾಲಿ ಟ್ಯಾಗ್. ಪದ ಒಡೆದು ಮುಂದಿನ ಸಾಲಿಗೆ ಹೋಗಿದ್ದರೆ ಆ ಟ್ಯಾಗಿಗೆ ‘ಬ್ರೇಕ್: ನೋ’ ಎಂಬ ಗುಣ. ಷಟ್ಪದಿಯಲ್ಲಿ ಡಬ್ಬಿಯಾಗಿದ್ದ ಸಾಲು ಶಾಸನದಲ್ಲಿ ಬರೀ ಮೈಲಿಗಲ್ಲು.

ಯಾರಿಗೆ ಯಾವುದು

ಕರಪತ್ರ, ಆಮಂತ್ರಣ, ಭಿತ್ತಿಪತ್ರಕ್ಕೆ ಅಂದವೇ ಮುಖ್ಯ, ಪಿಡಿಎಫ್ ಸಾಕು. ಅಕ್ಷರ ಯೂನಿಕೋಡ್ ಆಗಿರಲಿ ಅಷ್ಟೆ. ಕಾದಂಬರಿ, ಪ್ರಬಂಧ, ಅಂಕಣ ಬರಹಕ್ಕೆ ಸ್ಟೈಲ್ ಹಾಕಿದ ವರ್ಡ್ ಅಥವಾ ಮಾರ್ಕ್‌ಡೌನ್, ಅಲ್ಲಿಂದ ಇಪಬ್. ಕವನಸಂಕಲನವನ್ನು ನೇರ ಎಚ್‌ಟಿಎಂಎಲ್‌ನಲ್ಲೇ ಮಾಡಿ, ಸಾಲಿನ ಮೇಲಿನ ಹಿಡಿತ ಬೇರೆಲ್ಲೂ ಅಷ್ಟು ಸಿಗದು. ನಿಘಂಟನ್ನು ಪುಟವಾಗಿ ಯೋಚಿಸಲೇಬೇಡಿ. ಮುಖ್ಯಪದ, ವ್ಯಾಕರಣ ವರ್ಗ, ಅರ್ಥ, ಪ್ರಯೋಗ ಎಂದು ಬಿಡಿಬಿಡಿಯಾಗಿ ತುಂಬಿದ ಕೋಷ್ಟಕದಿಂದ ಪುಟ ಹುಟ್ಟಲಿ. ಸಂಪಾದಿತ ಹಳಗನ್ನಡ ಕೃತಿಗೆ ಟಿಇಐ ಮೂಲ, ಓದುಗರಿಗೆ ಅದರಿಂದ ತೆಗೆದ ಎಚ್‌ಟಿಎಂಎಲ್. ಟಿಇಐ ಕಲಿತ ಒಬ್ಬರಾದರೂ ತಂಡದಲ್ಲಿ ಇಲ್ಲವೆಂದರೆ ಕ್ಲಾಸುಗಳನ್ನು ಅಚ್ಚುಕಟ್ಟಾಗಿ ಹೆಸರಿಸಿದ ಎಚ್‌ಟಿಎಂಎಲ್ ಮಾಡಿ. ಅದನ್ನು ಮುಂದೆ ಟಿಇಐಗೆ ತಿರುಗಿಸಬಹುದು. ಅರ್ಧಕ್ಕೆ ನಿಂತ ಟಿಇಐ ಕಡತ ಯಾರ ಉಪಯೋಗಕ್ಕೂ ಬರುವುದಿಲ್ಲ.

ಹೊರಬಿಡುವ ಮುನ್ನ

ಸಿಎಸ್‌ಎಸ್ ಕಡತವನ್ನು ತೆಗೆದು ಪುಟ ತೆರೆಯಿರಿ. ಶೀರ್ಷಿಕೆ, ಪದ್ಯ, ಟಿಪ್ಪಣಿ ಯಾವುದು ಯಾವುದೆಂದು ಆಗಲೂ ತಿಳಿಯಬೇಕು. ಪರದೆ ಓದುವ ಎನ್‌ವಿಡಿಎ ತಂತ್ರಾಂಶದಲ್ಲಿ ಎಚ್ ಕೀಲಿ ಒತ್ತುತ್ತ ಹೋಗಿ. ಒಂದೊಂದೇ ಶೀರ್ಷಿಕೆಗೆ ಜಿಗಿಯದಿದ್ದರೆ ನಿಮ್ಮ ಶೀರ್ಷಿಕೆಗಳು ಬರೀ ದಪ್ಪ ಅಕ್ಷರಗಳು. ಪಠ್ಯವನ್ನು ಎನ್‌ಎಫ್‌ಸಿ ಎಂಬ ಯೂನಿಕೋಡಿನ ಏಕರೂಪಕ್ಕೆ ತನ್ನಿ: ‘ೊ’ ಎಂಬುದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡಾಗಿಯೂ ಬರೆಯಬಹುದು, ಹುಡುಕಾಟಕ್ಕೆ ಅವು ಬೇರೆ ಪದಗಳಾಗಿಬಿಡಬಹುದು. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಕಾಣದೆ ಕೂತಿರುವ ಜೋಡಣೆ ತಡೆಯುವ ಸಂಕೇತವನ್ನು ಪಠ್ಯದಿಂದ ಅಳಿಸಬೇಡಿ, ಹುಡುಕುವ ಸೂಚಿ ಮಾತ್ರ ಅದನ್ನು ಬಿಟ್ಟು ಹೋಲಿಸಲಿ. ಇಪಬ್ ಆದರೆ ತಪ್ಪು ಹುಡುಕುವ ಇಪಬ್‌ಚೆಕ್ ತಂತ್ರಾಂಶ ಓಡಿಸಿ.

ಡಿಟಿಪಿ ಕೆಲಸ ಹೊರಗೆ ಕೊಡುವ ಪ್ರಕಾಶಕರು ಒಪ್ಪಂದದಲ್ಲೇ ನಾಲ್ಕು ವಸ್ತು ಕೇಳಿ ಪಡೆಯಬೇಕು: ಸ್ಟೈಲ್ ಹಾಕಿದ ಮೂಲ ಕಡತ, ಕೊನೆಯ ಕರಡು ತಿದ್ದುಪಡಿಗಳೆಲ್ಲ ಸೇರಿದ ಯೂನಿಕೋಡ್ ಪಠ್ಯ, ಬಳಸಿದ ಫಾಂಟುಗಳ ಹೆಸರು ಮತ್ತು ಪರವಾನಗಿ, ಯಾವ ಸ್ಟೈಲ್ ಯಾವುದಕ್ಕೆ ಎಂದು ವಿವರಿಸುವ ಒಂದು ಪುಟದ ಪಟ್ಟಿ. ಕೊನೆಯ ಗಳಿಗೆಯ ತಿದ್ದುಪಡಿಗಳು ಹೆಚ್ಚಾಗಿ ಇನ್‌ಡಿಸೈನ್ ಪುಟದಲ್ಲಷ್ಟೇ ಆಗಿ, ಲೇಖಕರ ವರ್ಡ್ ಕಡತ ಹಳೆಯದಾಗಿಯೇ ಉಳಿಯುತ್ತದೆ. ಆ ಹಳೆಯ ಕಡತದಿಂದ ಇ-ಬುಕ್ ಮಾಡಿದರೆ ಅಚ್ಚಿನಲ್ಲಿ ತಿದ್ದಿದ ತಪ್ಪುಗಳೆಲ್ಲ ಅದರಲ್ಲಿ ಮರಳಿ ಬರುತ್ತವೆ.